ಕ್ರೌನ್‌ಗೆ ತನ್ನದೇ ಪಿನಿಯನ್
ಕ್ಯಾತನಹಳ್ಳಿ ಕಡೆ ಇನ್ನೂ ಓಡುವ ಹಳೇ ಅಂಬಾಸಿಡರ್ ಹಿಂಬದಿಯಿಂದ ಗುಂಯ್‌ಗುಟ್ಟಿದರೆ ಮೊದಲು ಡಿಫರೆನ್ಷಿಯಲ್ ಎಣ್ಣೆ ನೋಡಿ. ಅದರೊಳಗಿನ ಕ್ರೌನ್ ಮತ್ತು ಪಿನಿಯನ್ ಗೇರ್‌ಗಳ ಹಲ್ಲುಗಳು ಒಂದರ ಮೇಲೊಂದು ಜಾರುತ್ತಲೇ ಉರುಳುತ್ತವೆ; ಆ ಒತ್ತಡ ತಾಳಲು ಹೈಪಾಯ್ಡ್ ಗೇರ್ ಆಯಿಲೇ ಬೇಕು. ಎಣ್ಣೆ ಸರಿಯಿದ್ದೂ ಸದ್ದು ನಿಲ್ಲದಿದ್ದರೆ ಬಿಡಿಭಾಗ ಹುಡುಕಬೇಕು, ಆದರೆ ಕಾರಿನ ತಯಾರಿಕೆ 2014ರಲ್ಲೇ ನಿಂತಿತು. ಪಾಂಡವಪುರ, ಮಂಡ್ಯದಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಗೋ ಶಿವಾಜಿನಗರದ ಗುಜರಿಗೋ ಹೋಗಬೇಕು. ಆಕ್ಸಲ್ ಷಾಫ್ಟ್ ಕೊಳ್ಳುವಾಗ ಹಳೆಯದನ್ನು ಜೊತೆಗೇ ಒಯ್ಯಿರಿ. ಉದ್ದ ಅಳೆದು, ಸ್ಪ್ಲೈನ್ ಹಲ್ಲು ಎಣಿಸಿ ನೋಡಿ. ಕ್ರೌನ್ ಒಂದು ಅಂಗಡಿಯಲ್ಲಿ, ಪಿನಿಯನ್ ಇನ್ನೊಂದರಲ್ಲಿ ಅಗ್ಗಕ್ಕೆ ಸಿಕ್ಕರೂ ಬೇಡವೇ ಬೇಡ: ಕಾರ್ಖಾನೆಯಲ್ಲಿ ಅವನ್ನು ಜೋಡಿಯಾಗಿಯೇ ಉಜ್ಜಿ ಹೊಂದಿಸಿರುತ್ತಾರೆ. ತೆಳು ತಗಡಿನ ಶಿಮ್ ಇಟ್ಟು, ಹಲ್ಲುಗಳ ನಡುವಿನ ಸಡಿಲ (ಬ್ಯಾಕ್‌ಲ್ಯಾಶ್) ಅಳೆದು, ಮತ್ತೆ ಬಿಚ್ಚಿ ಕೂರಿಸುವ ತಾಳ್ಮೆಯ ಮೇಸ್ತ್ರಿ ಸಿಕ್ಕರೆ ಕೂಲಿಗೆ ಚೌಕಾಸಿ ಮಾಡಬೇಡಿ.