ಗರಗಸದ ಲಂಬ

ಮಳೆಗಾಲದಲ್ಲಿ ಬಾಗಿಲು ಬಿಗಿಯುವುದು ಮರದ ಸ್ವಭಾವ. ಬೇಸಗೆಯಲ್ಲಿಯೂ ಬಿಗಿಯುವುದಾದರೆ ದೋಷವನ್ನು ಬೇರೆಡೆ ಹುಡುಕಬೇಕು. ಮನೆಯಾಕೆ ಭುಜ ಕೊಟ್ಟು ತಳ್ಳುವಳು. ಯಜಮಾನನು ಬಡಗಿಗೆ ಹೇಳಿ ಕಳುಹಿಸುವನು. ಬಡಗಿಯು ಉಜ್ಜುಗೊರಡಿನಿಂದ ಅಂಚನ್ನು ಒಂದಿಷ್ಟು ಸವರಿ ಹೊರಟುಹೋಗುವನು. ಎರಡು ವರ್ಷ ಕಳೆಯುವಷ್ಟರಲ್ಲಿ ಅದೇ ಬಾಗಿಲಿನ ಒಂದು ಮೂಲೆಯಲ್ಲಿ ಬೆರಳು ತೂರುವಷ್ಟು ಸಂದು. ಅನೇಕ ವೇಳೆ ಈ ರೋಗದ ಮೂಲ ಮನೆಯಲ್ಲಿರುವುದೇ ಇಲ್ಲ. ಚೌಕಟ್ಟಿನ ಮರವನ್ನು ಕೊಯ್ದ ಗರಗಸವು ತನ್ನ ಮೇಜಿನ ಮೇಲೆ ನೆಟ್ಟಗೆ ನಿಂತಿರಲಿಲ್ಲ, ಅಷ್ಟೇ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ—2021ರಲ್ಲಿ ವಿಜಯನಗರ ಜಿಲ್ಲೆಯಾದ ಈ ಸೀಮೆ ಒಣಭೂಮಿ. ಜಾಲಿ, ಬೇವು, ಕಮರ ಇಲ್ಲಿನ ಮಣ್ಣಿಗೆ ಒಗ್ಗಿದ ಮರಗಳು. ಸಾಗುವಾನಿಗೆ ಮಲೆನಾಡಿನ ಕಡೆ ಮುಖಮಾಡಬೇಕು. ಮರವೆಂಬುದು ಅಗ್ಗವಲ್ಲದ ನಾಡಿನಲ್ಲಿ ಅಡ್ಡಾದಿಡ್ಡಿ ಕೊಯ್ದ ಒಂದು ತೊಲೆಯ ನಷ್ಟ ಸಣ್ಣದಲ್ಲ. ಹಿಂದೆ ದಿಮ್ಮಿಯನ್ನು ಎತ್ತರಕ್ಕೇರಿಸಿ, ಮೇಲೊಬ್ಬ ಕೆಳಗೊಬ್ಬ ನಿಂತು ಉದ್ದ ಗರಗಸವನ್ನು ಎಳೆಯುತ್ತಿದ್ದರು. ಆಗ ನೇರವೆಂಬುದು ಇಬ್ಬರ ಕಣ್ಣಿನಲ್ಲಿತ್ತು. ಮಸಿಯ ದಾರದ ಗೆರೆಯಿಂದ ಗರಗಸ ಜಾರಿದರೆ ಒಬ್ಬನಾದರೂ ಕೂಗುತ್ತಿದ್ದನು. ಮೇಜಿನ ಸೀಳಿನಿಂದ ಮೇಲೆದ್ದು ಗಿರಗಿರನೆ ತಿರುಗುವ ಚಕ್ರಗರಗಸಕ್ಕೆ ಕಣ್ಣಿಲ್ಲ. ಅದು ವಾಲಿ ನಿಂತಿದ್ದರೆ ದಿನವಿಡೀ, ಒಂದೇ ಸಮನೆ, ಬಹು ಶೀಘ್ರವಾಗಿ ವಕ್ರವಾಗಿಯೇ ಕೊಯ್ಯುತ್ತದೆ.

ಎಷ್ಟು ವಕ್ರ? ಬ್ಲೇಡು ಒಂದು ಅಂಶ ವಾಲಿದ್ದರೆ 100 ಮಿಲಿಮೀಟರು ದಪ್ಪದ ಮರದಲ್ಲಿ ಮೇಲಂಚಿಗೂ ಕೆಳಗಂಚಿಗೂ ಹೆಚ್ಚುಕಡಿಮೆ ಒಂದೂಮುಕ್ಕಾಲು ಮಿಲಿಮೀಟರು ವ್ಯತ್ಯಾಸ. ಕೇಳುವುದಕ್ಕೆ ಅಲ್ಪವೆನಿಸುತ್ತದೆ. ಆದರೆ ಎತ್ತಿನ ಬಂಡಿಯ ಗಾಲಿಯನ್ನು ನೆನೆಯಿರಿ. ಅದರ ಸುತ್ತಿನ ಮರದ ಬಳೆಯನ್ನು ಆರು ತುಂಡುಗಳಿಂದ ಕೂಡಿಸಿದರೆ ತುದಿಗಳು ಹನ್ನೆರಡು. ಪ್ರತಿಯೊಂದು ತುದಿಯೂ ಅರ್ಧ ಅಂಶದಷ್ಟೇ ತಪ್ಪಿತೆನ್ನಿ. ಎಲ್ಲವೂ ಒಂದೇ ಕಡೆಗೆ ಸೇರಿ ಬಳೆ ಪೂರ್ಣವಾಗುವ ಹೊತ್ತಿಗೆ ಆರು ಅಂಶದ ಬಿರುಕು ಬಾಯ್ದೆರೆದು ನಿಲ್ಲುತ್ತದೆ. ಬಡಗಿಯು ಅದಕ್ಕೆ ಬೆಣೆ ಹೊಡೆಯುವನು, ಬಣ್ಣ ಬಳಿಯುವನು. ಭಾರ ಬಿದ್ದ ದಿನ ಬೆಣೆಯ ಬಂಡವಾಳ ಬಯಲಾಗುವುದು.

ಭಾರವೆಂದರೇನೆಂಬುದು ಕೊಟ್ಟೂರಿನವರಿಗೆ ಚೆನ್ನಾಗಿ ಗೊತ್ತು. 2017ರ ಫೆಬ್ರವರಿಯಲ್ಲಿ ಶ್ರೀ ಗುರು ಕೊಟ್ಟೂರೇಶ್ವರನ ರಥೋತ್ಸವದ ಸಂಜೆ, ಲಕ್ಷ್ಯವಿಟ್ಟು ನೋಡುತ್ತಿದ್ದ ಜನಸಮೂಹದ ಕಣ್ಣೆದುರಿನಲ್ಲಿಯೇ ತೇರಿನ ಅಚ್ಚು ಮುರಿದು ತೇರು ನೆಲಕ್ಕುರುಳಿತು, ಹಲವರು ಗಾಯಗೊಂಡರು. ಅದಕ್ಕೂ ಕೊಯ್ತದ ವಕ್ರತೆಗೂ ಸಂಬಂಧ ಕಟ್ಟುವುದು ಸಲ್ಲದು. ಆದರೆ ಮರದ ಕೂಡಿಕೆಯ ಮೇಲೆ ಮನುಷ್ಯರ ಪ್ರಾಣ ನಿಲ್ಲುವ ಸಂದರ್ಭಗಳುಂಟು ಎಂಬುದನ್ನು ಆ ಊರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಪರೀಕ್ಷೆ. ಮೊದಲು ಯಂತ್ರಕ್ಕೆ ವಿದ್ಯುತ್ತಿನ ಸಂಪರ್ಕವನ್ನು ಪೂರ್ತಿಯಾಗಿ ತಪ್ಪಿಸಬೇಕು. ಗುಂಡಿ ಒತ್ತಿ ನಿಲ್ಲಿಸಿದರೆ ಸಾಲದು. ಬಳಿಕ ಅನುಮಾನಿಸಬೇಕಾದುದು ಗರಗಸವನ್ನಲ್ಲ, ಮೂಲೆಮಟ್ಟವನ್ನು. ಹಲಗೆಯೊಂದರ ನೇರ ಅಂಚಿಗೆ ಮೂಲೆಮಟ್ಟವನ್ನು ಒತ್ತಿ ಒಂದು ಗೆರೆ ಎಳೆದು, ಅದನ್ನು ಮಗುಚಿ ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆಯಬೇಕು. ಎರಡೂ ಒಂದಾದರೆ ಮಟ್ಟ ಪ್ರಾಮಾಣಿಕವಾದುದು; ಕವಲೊಡೆದರೆ ಆ ಕವಲಿನ ಅರ್ಧದಷ್ಟು ತಪ್ಪು ಅದರದೇ. ನೆಲಕ್ಕೆ ಒಮ್ಮೆ ಬಿದ್ದ ಮೂಲೆಮಟ್ಟವನ್ನು ಈ ಪರೀಕ್ಷೆಯಿಲ್ಲದೆ ಮತ್ತೆ ನಂಬುವುದು ಅವಿವೇಕ.

ಮೇಜನ್ನು ಒರೆಸಿ, ಬ್ಲೇಡನ್ನು ಸಾಧ್ಯವಾದಷ್ಟು ಮೇಲಕ್ಕೇರಿಸಿ, ಮೂಲೆಮಟ್ಟವನ್ನು ಅದಕ್ಕೆ ತಾಗಿಸಿ ಹಿಂದಿನಿಂದ ಬೆಳಕು ನೋಡಬೇಕು. ಇಲ್ಲಿ ಹೊಸಬರು ಎಡವುತ್ತಾರೆ. ಗರಗಸದ ಹಲ್ಲುಗಳು ತಗಡಿಗಿಂತ ಅಗಲವಾಗಿ ಹೊರಚಾಚಿರುತ್ತವೆ. ಮೂಲೆಮಟ್ಟವು ಹಲ್ಲಿಗೆ ತಗುಲಿದರೆ ನೆಟ್ಟಗಿರುವ ಬ್ಲೇಡೂ ವಾಲಿದಂತೆ ತೋರುವುದು. ಎರಡು ಹಲ್ಲುಗಳ ನಡುವೆ, ತಗಡಿನ ಮೈಗೆ ಮಾತ್ರ ಅದನ್ನು ಒರಗಿಸಬೇಕು. ಮೇಲಿನಿಂದ ಕೆಳಗಿನವರೆಗೆ ಎಲ್ಲಿಯೂ ಬೆಳಕಿನ ಎಳೆ ಕಾಣದಿದ್ದರೆ ಸರಿ.

ಕಣ್ಣಿಗಿಂತ ಕಟುವಾದ ಸಾಕ್ಷಿ ಮರದ್ದು. ಸಮದಪ್ಪವಿರುವ ಮೂರಂಗುಲದ ತೊಲೆಯನ್ನು ಅಡ್ಡಲಾಗಿ ಕೊಯ್ದು, ಒಂದು ತುಂಡನ್ನು ಬೋರಲು ಮಾಡಿ, ಕೊಯ್ದ ಮುಖಗಳನ್ನು ಸಮತಟ್ಟಾದ ಮೇಜಿನ ಮೇಲೆ ಒಂದಕ್ಕೊಂದು ಕೂಡಿಸಬೇಕು. ಬ್ಲೇಡು ವಾಲಿದ್ದರೆ ಮೇಲಾಗಲಿ ಕೆಳಗಾಗಲಿ ಸಂದು ಕಾಣುತ್ತದೆ. ಆ ಸಂದು ನಿಜವಾದ ತಪ್ಪಿನ ಇಮ್ಮಡಿಯಾದುದರಿಂದ ಮರೆಮಾಚಲು ಬಾರದು.

ಓರೆ ಮಾಡಬಲ್ಲ ಯಂತ್ರಗಳಲ್ಲಿ 90 ಅಂಶಕ್ಕೆ ತಡೆಯುವ ತಿರುಪೊಂದಿರುತ್ತದೆ. ಅನೇಕ ಸಲ ತಿರುಪಿನ ತಪ್ಪೇನೂ ಇರುವುದಿಲ್ಲ. ಅದರ ಮುಂದೆ ಗಟ್ಟಿಯಾಗಿ ಕುಳಿತ ಮರದ ಹೊಟ್ಟನ್ನು ಕೆರೆದು ತೆಗೆದರೆ ಕೆಲಸ ಮುಗಿಯಿತು. ಸಣ್ಣ ಊರುಗಳ ಕಾರ್ಖಾನೆಗಳಲ್ಲಿ ಕಬ್ಬಿಣದ ಕೋನಪಟ್ಟಿಗಳಿಂದ ಬೆಸೆದು ಮಾಡಿದ ಮೇಜುಗಳಿಗೆ ಇಂತಹ ತಿರುಪಿರದು. ಅಲ್ಲಿ ಬ್ಲೇಡಿನ ದಂಡವನ್ನು ಹೊತ್ತ ಎರಡು ಬೇರಿಂಗುಗಳಲ್ಲಿ ಒಂದರ ಕೆಳಗೆ ತೆಳು ತಗಡು ಕೊಡಬೇಕಾಗುತ್ತದೆ. ಬ್ಲೇಡಿನ ಬದಿಯ ಬೇರಿಂಗನ್ನು ಎತ್ತಿದರೆ ಬ್ಲೇಡಿನ ತಲೆ ದಂಡದತ್ತ ಒಳಕ್ಕೆ ಬಾಗುತ್ತದೆ. ಇನ್ನೊಂದನ್ನು ಎತ್ತಿದರೆ ಹೊರಕ್ಕೆ. ಬೇರಿಂಗುಗಳ ನಡುವೆ 300 ಮಿಲಿಮೀಟರು ಅಂತರವಿದ್ದರೆ ಅರ್ಧ ಅಂಶದ ತಿದ್ದುಪಡಿಗೆ ಸುಮಾರು 2.6 ಮಿಲಿಮೀಟರು ತಗಡು ಸಾಕು. ಲೆಕ್ಕವಿಲ್ಲದೆ ಸುತ್ತಿಗೆಯಿಂದ ಬಡಿದು ಸರಿಪಡಿಸುವ ಪದ್ಧತಿಯೂ ಉಂಟು. ಬೇರಿಂಗಿನ ಆಯುಷ್ಯಕ್ಕೆ ಅದು ಒಳ್ಳೆಯದಲ್ಲ.

ಲಂಬ ಸರಿಯಾದ ಮೇಲೆ ಸಮಾನಾಂತರವನ್ನೂ ನೋಡಬೇಕು. ಬೆರಳುಗಳ ಪ್ರಶ್ನೆ ಇರುವುದು ಅಲ್ಲಿ. ಒಂದು ಹಲ್ಲಿಗೆ ಗುರುತು ಮಾಡಿ, ಅದರಿಂದ ಪಕ್ಕದ ತಡೆಪಟ್ಟಿಗಿರುವ ದೂರವನ್ನು ಮುಂಭಾಗದಲ್ಲಿ ಅಳೆದು, ಬ್ಲೇಡನ್ನು ಕೈಯಿಂದ ತಿರುಗಿಸಿ ಅದೇ ಹಲ್ಲನ್ನು ಹಿಂಭಾಗಕ್ಕೆ ತಂದು ಮತ್ತೆ ಅಳೆಯಬೇಕು. ಹಿಂದಿನ ಅಳತೆ ಕಡಿಮೆಯಾದರೆ ಮರವು ಬ್ಲೇಡಿಗೂ ಪಟ್ಟಿಗೂ ನಡುವೆ ಇರುಕಿಕೊಳ್ಳುತ್ತದೆ. ಹಿಂಬದಿಯ ಹಲ್ಲುಗಳು ಅದನ್ನು ಎತ್ತಿ ಎದುರಿಗೆ ನಿಂತವನ ಮೇಲೆಯೇ ಎಸೆಯುತ್ತವೆ. ತುಂಡನ್ನು ಒತ್ತಿ ಹಿಡಿದಿದ್ದ ಕೈ ಆ ಕ್ಷಣದಲ್ಲಿ ಬ್ಲೇಡಿನತ್ತ ಜಾರುತ್ತದೆ. ಬ್ಲೇಡು ಬದಲಾಯಿಸಿದಾಗ, ಯಂತ್ರವನ್ನು ಸ್ಥಳಾಂತರಿಸಿದಾಗ, ಒದ್ದೆಮರ ಸಿಕ್ಕಿ ಮೋಟಾರು ಒಮ್ಮೆ ಮುಗ್ಗರಿಸಿದಾಗ ಈ ಎರಡೂ ಪರೀಕ್ಷೆಗಳನ್ನು ಮೊದಲಿನಿಂದ ಮಾಡತಕ್ಕದ್ದು. ಕಾಲು ಗಂಟೆಯೂ ಹಿಡಿಯದು.