ಪಟದಲ್ಲಿರುವವರ ಹೆಸರು



ಈ ಅಂಕಣದಲ್ಲಿ ನಾವು ಬಹುಮಟ್ಟಿಗೆ ಗ್ರಂಥಗಳ ಮಾತನ್ನೇ ಆಡುತ್ತ ಬಂದವರು. ಈ ತಿಂಗಳು ಛಾಯಾಚಿತ್ರ ಪ್ರದರ್ಶನದ ವಿಷಯವನ್ನು ಎತ್ತಿಕೊಂಡಿರುವುದು ಕೆಲವರಿಗೆ ಸೋಜಿಗವೆನಿಸಬಹುದು. ಮಠದ ಪಾಠಶಾಲೆಯಲ್ಲಿ ಓಲೆಗರಿಗಳ ಧೂಳು ಒರೆಸುತ್ತ ಅಕ್ಷರ ಕಲಿತ ನಮಗೆ ಕ್ಯಾಮೆರಾದ ಗೊಡವೆಯೇಕೆ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ನಮ್ಮ ಶಿಷ್ಯನೊಬ್ಬನಿಂದ ಒಂದು ಲೋಪವಾಯಿತು. ಅದರಲ್ಲಿ ನಮ್ಮ ಪಾಲೂ ಇತ್ತು. ಅದರಿಂದ ಕಲಿತದ್ದು ಪಟ ತೆಗೆಯುವವರಿಗೂ ಪಟಕ್ಕೆ ನಿಲ್ಲುವವರಿಗೂ, ಎಂದರೆ ಇಂದು ಎಲ್ಲ ಮನೆಗಳವರಿಗೂ, ಬೇಕಾದದ್ದೆಂದು ತೋರಿ ಬರೆಯುತ್ತಿದ್ದೇವೆ.

ಮದ್ದೂರಿನ ಸಮೀಪ ಶಿಂಷಾ ನದಿಯ ದಂಡೆಯಲ್ಲಿ ವೈದ್ಯನಾಥಪುರವಿದೆ. ಅಲ್ಲಿನ ವೈದ್ಯನಾಥೇಶ್ವರ ದೇವಾಲಯವನ್ನು ಈ ಸೀಮೆಯ ಓದುಗರಿಗೆ ನಾವು ಪರಿಚಯಿಸಬೇಕಾಗಿಲ್ಲ. ಆ ಊರಿನ ಹುಡುಗನೊಬ್ಬ ಬಾಲ್ಯದಲ್ಲಿ ನಮ್ಮ ಬಳಿ ಸಂಜೆಯ ಪಾಠಕ್ಕೆ ಬರುತ್ತಿದ್ದ. ಈಗ ಅವನು ಮದ್ದೂರಿನಲ್ಲಿ ಚಿಕ್ಕದೊಂದು ಸ್ಟುಡಿಯೋ ಇಟ್ಟುಕೊಂಡು ಮದುವೆ, ಗೃಹಪ್ರವೇಶ, ನಾಮಕರಣಗಳ ಚಿತ್ರ ತೆಗೆದು ಸಂಸಾರ ಸಾಗಿಸುತ್ತಿದ್ದಾನೆ. ಕೆಲಸವಿಲ್ಲದ ದಿನಗಳಲ್ಲಿ ಕ್ಯಾಮೆರಾ ಹೆಗಲಿಗೇರಿಸಿ ಹೊಳೆಯ ದಂಡೆ, ಆಲೆಮನೆ, ಎಳನೀರಿನ ಮಾರುಕಟ್ಟೆಗಳನ್ನು ಸುತ್ತುವುದು ಅವನ ಹವ್ಯಾಸ. ಇದೇ ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟಲು ಬರುವ ಕಾಲದಲ್ಲಂತೂ ಅವನನ್ನು ಸ್ಟುಡಿಯೋದಲ್ಲಿ ಹುಡುಕಿ ಪ್ರಯೋಜನವಿಲ್ಲ.

ಆ ಹಕ್ಕಿಗಳ ಚಿತ್ರಗಳನ್ನು ಅವನು ಮೊದಲು ಸ್ಪರ್ಧೆಗಳಿಗೆ ಕಳುಹಿಸಿದ. ಛಾಯಾಗ್ರಾಹಕರು ಅವುಗಳನ್ನು ಸಲೋನ್ ಎನ್ನುತ್ತಾರೆ. ನೂರಾರು ಚಿತ್ರಗಳು ತೀರ್ಪುಗಾರರ ಮುಂದೆ ಒಂದೊಂದಾಗಿ ಬರುತ್ತವೆ. ಕೆಲವೇ ಕ್ಷಣಗಳಲ್ಲಿ ಅಂಕ ಬೀಳುತ್ತದೆ. ಸ್ವೀಕೃತವಾದವು ಗೋಡೆಗೇರುತ್ತವೆ, ಉಳಿದವು ಹಿಂದಿರುಗುತ್ತವೆ. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ ಅವರಂಥ (1932-2017) ವನ್ಯಜೀವಿ ಛಾಯಾಗ್ರಾಹಕರು ದೇಶವಿದೇಶಗಳ ಇಂಥ ಪ್ರದರ್ಶನಗಳಲ್ಲಿಯೇ ಮಾನ್ಯತೆ ಗಳಿಸಿದವರು. ನಮ್ಮ ಶಿಷ್ಯನ ಚಿತ್ರಗಳು ಮಾತ್ರ ಮರಳಿ ಬಂದವು. ಗೂಡಿನ ಬಳಿ ಜನ ಸುಳಿದರೆ ತಾಯಿಹಕ್ಕಿ ಬೆದರಿ ಮೊಟ್ಟೆ ಮರಿಗಳನ್ನು ತೊರೆಯಬಹುದೆಂಬ ಕಾರಣದಿಂದ ಗೂಡಿನ ಚಿತ್ರಗಳನ್ನು ಈಗ ಅನೇಕ ಸ್ಪರ್ಧೆಗಳಲ್ಲಿ ಸ್ವೀಕರಿಸುವುದಿಲ್ಲವೆಂದು ಅವನಿಗೆ ಆಗ ತಿಳಿಯಿತು. ಒಳ್ಳೆಯ ನಿಯಮವೆಂದು ನಾವೂ ತಲೆದೂಗಿದೆವು. ಹಕ್ಕಿಗೆ ಸಲ್ಲುವ ಈ ಮರ್ಯಾದೆ ಮನುಷ್ಯರಿಗೂ ಸಲ್ಲಬೇಕಲ್ಲವೇ ಎಂಬ ವಿಚಾರ ಆ ದಿನ ಗುರುವಿಗೂ ಹೊಳೆಯಲಿಲ್ಲ, ಶಿಷ್ಯನಿಗೂ ಹೊಳೆಯಲಿಲ್ಲ.

“ಹಕ್ಕಿಯ ಚಿತ್ರ ತೆಗೆಯುವವರು ಸಾವಿರಾರು ಮಂದಿ ಇದ್ದಾರೆ, ನಿನ್ನ ಊರಿನ ಜನರನ್ನು ತೋರಿಸು” ಎಂದು ಹೇಳಿದವರು ನಾವೇ. ಅವನು ಹಾಗೆಯೇ ಮಾಡಿದ. ಮದುವೆಯ ಕೆಲಸದಿಂದ ಎರಡು ವರ್ಷ ಉಳಿಸಿದ ಹಣದಲ್ಲಿ ಮೂವತ್ತು ಚಿತ್ರಗಳನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಕಟ್ಟು ಹಾಕಿಸಿ, 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಒಂದು ಗ್ಯಾಲರಿಯಲ್ಲಿ ಐದು ದಿನಗಳ ಪ್ರದರ್ಶನ ಏರ್ಪಡಿಸಿದ. ಉದ್ಘಾಟನೆಗೆ ನಾವೂ ಹೋಗಿದ್ದೆವು.

ಚಿತ್ರ ತೆಗೆಯುವುದು ಒಂದು ವಿದ್ಯೆಯಾದರೆ ಅದನ್ನು ತೂಗುಹಾಕುವುದು ಇನ್ನೊಂದು ವಿದ್ಯೆಯೆಂದು ನಮಗೆ ಅಂದು ತಿಳಿಯಿತು. ಎಲ್ಲ ಚಿತ್ರಗಳ ಮಧ್ಯಭಾಗವೂ ನೋಡುವವರ ಕಣ್ಣಿನ ಎತ್ತರಕ್ಕೆ ಒಂದೇ ಸಾಲಿನಲ್ಲಿ ಬರಬೇಕು. ಗಾಜಿನ ಮೇಲೆ ದೀಪದ ಪ್ರತಿಬಿಂಬ ಬಿದ್ದರೆ ಚಿತ್ರ ಕಾಣುವುದಿಲ್ಲ, ನೋಡುವವರ ಮುಖವೇ ಕಾಣುತ್ತದೆ. ಚಿತ್ರ ಚಿತ್ರಗಳ ನಡುವೆ ಉಸಿರಾಡುವಷ್ಟು ಜಾಗವಿರಬೇಕು. ಇಷ್ಟೆಲ್ಲ ಸರಿಪಡಿಸುವಷ್ಟರಲ್ಲಿ ನಡುರಾತ್ರಿಯಾಗಿತ್ತು. ಮೊದಲ ಮೂರು ದಿನ ಬಂದವರು ವಿರಳ. ಬಂದವರಲ್ಲಿಯೂ ಹೆಚ್ಚಿನವರು ಗೋಡೆಯುದ್ದಕ್ಕೂ ಒಮ್ಮೆ ನಡೆದು ಅಭಿಪ್ರಾಯ ಪುಸ್ತಕದಲ್ಲಿ “ಚೆನ್ನಾಗಿದೆ” ಎಂದು ಬರೆದು ಹೋದರು. ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತು ಹೆಜ್ಜೆಯ ಸದ್ದಿಗೆಲ್ಲ ತಲೆಯೆತ್ತುತ್ತಿದ್ದ ಆ ಹುಡುಗನನ್ನು ನೋಡಿ ನಮಗೆ ಕರುಳು ಚುರ್ರೆಂದಿತು.

ಬೇಸರ ಕಳೆಯಲೆಂದು ಅವನು ಒಂದು ಮಧ್ಯಾಹ್ನ ಬೇರೆ ಕಲಾಶಾಲೆಗಳನ್ನು ನೋಡಲು ನಮ್ಮನ್ನು ಕರೆದೊಯ್ದ. ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿ 2009ರಿಂದ ಇರುವ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವನ್ನು ನೋಡಿದೆವು. ಕಸ್ತೂರಬಾ ರಸ್ತೆಯಲ್ಲಿ 2023ರ ಫೆಬ್ರವರಿಯಲ್ಲಿ ತೆರೆದಿದ್ದ ಕಲೆ ಮತ್ತು ಛಾಯಾಚಿತ್ರಗಳ ವಸ್ತುಸಂಗ್ರಹಾಲಯವನ್ನೂ ನೋಡಿದೆವು. ಹಳೆಯ ಛಾಯಾಚಿತ್ರಗಳಿಗೆ ಮಂದವಾದ ಬೆಳಕನ್ನೇ ಇಡಬೇಕು, ಪ್ರಖರವಾದ ಬೆಳಕಿನಲ್ಲಿ ಅವು ಮಾಸುತ್ತವೆ ಎಂದು ಶಿಷ್ಯ ವಿವರಿಸಿದ. ಕಾಗದ, ಬೆಳಕು, ಚೌಕಟ್ಟು ಇವನ್ನೆಲ್ಲ ನಾವು ಶ್ರದ್ಧೆಯಿಂದ ಗಮನಿಸಿದೆವು.

ದಾರಿಯಲ್ಲಿ ಅವನು ಆಡಿದ್ದು ಮೈಸೂರಿನ ಟಿ. ಎಸ್. ಸತ್ಯನ್ ಅವರ (1923-2009) ಮಾತನ್ನೇ. ಜನಸಾಮಾನ್ಯರ ದಿನನಿತ್ಯದ ಬದುಕನ್ನು ಪ್ರೀತಿಯಿಂದ ಚಿತ್ರಿಸಿದ ಹಿರಿಯರು ಅವರು. 1977ರಲ್ಲಿ ಪದ್ಮಶ್ರೀ ಪಡೆದವರು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡವು. “ನಮ್ಮ ಸೀಮೆಯವರೇ ಅಲ್ಲವೇ ಗುರುಗಳೇ, ಅವರು ಅಲ್ಲಿಯವರೆಗೆ ಹೋಗಲಿಲ್ಲವೇ” ಎಂದು ತನ್ನ ಮನಸ್ಸಿಗೆ ತಾನೇ ಧೈರ್ಯ ಹೇಳಿಕೊಂಡ.

ನಾಲ್ಕನೆಯ ದಿನ ಒಬ್ಬ ಹೆಣ್ಣುಮಗಳು ಬಂದು ಒಂದೇ ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಅದು ವೈದ್ಯನಾಥೇಶ್ವರನ ಗುಡಿಯ ಮೆಟ್ಟಿಲ ಮೇಲೆ ಹೂವು ಮಾರುತ್ತಿದ್ದ ಮುದುಕಿಯ ಚಿತ್ರ. ಕಾಲಿನ ಹೆಬ್ಬೆರಳಿಗೆ ಬಾಳೆನಾರನ್ನು ಸಿಕ್ಕಿಸಿ, ತಲೆ ಬಾಗಿಸಿ, ಸೇವಂತಿಗೆ ಕಟ್ಟುತ್ತಿದ್ದಾಳೆ. ಹೊಳೆಯ ಕಡೆಯ ಎಳೆ ಬಿಸಿಲು ಅವಳ ಕೈಬೆರಳುಗಳ ಮೇಲೆ ಮಾತ್ರ ಬಿದ್ದಿದೆ. ಕೆಳಗೆ “ಮುಪ್ಪಿನ ಮೌನ” ಎಂಬ ಶೀರ್ಷಿಕೆ. ಅದನ್ನು ಇಟ್ಟುಕೊಟ್ಟವರು ನಾವು. ಆ ಹೆಣ್ಣುಮಗಳು 8000 ರೂಪಾಯಿ ಕೊಟ್ಟು ಚಿತ್ರವನ್ನು ಕೊಂಡರು. ಮಾರಾಟವಾಯಿತೆಂಬ ಗುರುತಿಗೆ ಚಿತ್ರದ ಪಕ್ಕದಲ್ಲಿ ಕೆಂಪು ಚುಕ್ಕೆಯೊಂದನ್ನು ಅಂಟಿಸಿದರು. ಶಿಷ್ಯನ ಕಣ್ಣಲ್ಲಿ ನೀರು ಬಂತು. ಮೂವತ್ತರಲ್ಲಿ ಮಾರಾಟವಾದದ್ದು ಅದೊಂದೇ. ನಾವು ನಮ್ಮ ಶೀರ್ಷಿಕೆಯ ಚೆಲುವನ್ನು ಒಳಗೊಳಗೇ ಮೆಚ್ಚಿಕೊಂಡೆವು.

2024ರ ಬೇಸಿಗೆಯಲ್ಲಿ ಆ ಮುದುಕಿ ತೀರಿಕೊಂಡಳು.

ಹನ್ನೊಂದನೆಯ ದಿನದ ಕಾರ್ಯಕ್ಕೆ ಇಡಲು ಮನೆಯಲ್ಲಿ ಒಂದು ಪಟವಿರಲಿಲ್ಲ. ಗುರುತಿನ ಚೀಟಿಯಲ್ಲಿದ್ದ ಉಗುರಿನಷ್ಟು ಚಿತ್ರವನ್ನು ದೊಡ್ಡದು ಮಾಡಿಸಲೆಂದು ಅವಳ ಮಗಳು ಮದ್ದೂರಿನ ಸ್ಟುಡಿಯೋಕ್ಕೆ ಬಂದಳು. ನಾವು ಅಂದು ಅಲ್ಲಿಯೇ ಇದ್ದೆವು. ಶಿಷ್ಯ ಆ ಚೀಟಿಯನ್ನು ಕೈಯಲ್ಲಿ ಹಿಡಿದು ಮಾತಿಲ್ಲದೆ ಕುಳಿತುಬಿಟ್ಟ. ಆಮೇಲೆ ಗಣಕಯಂತ್ರದಲ್ಲಿ ಆ ಚಿತ್ರವನ್ನು ತೆಗೆದು ತೋರಿಸಿದ. ಆಕೆ ಸೆರಗಿನ ತುದಿಯಿಂದ ಬಾಯಿ ಮುಚ್ಚಿಕೊಂಡು ನೋಡಿದಳು. “ಎಷ್ಟು ಚೆಂದಾಗದಲ್ಲ ಬುದ್ಧಿ ನಮ್ಮವ್ವ” ಎಂದಳು. ಎಲ್ಲೆಲ್ಲಿ ತೋರಿಸಿದೆಯಪ್ಪಾ ಎಂದು ವಿಚಾರಿಸಿದಳು. ಬೆಂಗಳೂರಿನಲ್ಲಿ ಎಂದು ಹೇಳಿದ.

“ಅವ್ವಂಗೆ ತೋರುಸ್ಲಿಲ್ವಾ?”

ತೋರಿಸಿರಲಿಲ್ಲ. ಗುಡಿಗೂ ಸ್ಟುಡಿಯೋಕ್ಕೂ ಇರುವ ದೂರವೆಷ್ಟು! ವಾರಕ್ಕೊಮ್ಮೆಯಾದರೂ ಆ ಮೆಟ್ಟಿಲು ಹತ್ತಿ ಇಳಿಯುತ್ತಿದ್ದವನು ಅವನು. ಅವಳ ಕೈಯಿಂದಲೇ ಹೂವು ಕೊಂಡವರು ನಾವು. ಊರವರೆಲ್ಲ ಕೂಗಿ ಕರೆಯುತ್ತಿದ್ದ ಹೆಸರೊಂದು ಅವಳಿಗಿತ್ತು. ನಾವು ಅದನ್ನು ಬಿಟ್ಟು “ಮುಪ್ಪಿನ ಮೌನ” ಎಂದು ಬರೆದೆವು. ಆಕೆ ಮೌನಿಯೂ ಆಗಿರಲಿಲ್ಲ, ಓದುಗರೇ. ಚೌಕಾಸಿ ಮಾಡುವವರನ್ನು ಗುಡಿಯ ಗೋಪುರ ಅದುರುವಂತೆ ಬಯ್ಯುತ್ತಿದ್ದಳು.

ಆ ರಾತ್ರಿಯೇ ಶಿಷ್ಯ ದೊಡ್ಡ ಪಟ ಸಿದ್ಧಪಡಿಸಿ ಮನೆಗೆ ಒಯ್ದುಕೊಟ್ಟ. ಜೊತೆಗೆ 8000 ರೂಪಾಯಿಗಳನ್ನೂ ಕೊಟ್ಟ. ಆಕೆ ಬೇಡವೆನ್ನಬಹುದೆಂದು ನಾವು ಎಣಿಸಿದ್ದೆವು. ಆಕೆ ಎಣಿಸಿ ತೆಗೆದುಕೊಂಡಳು. “ಕುಂತಿದ್ದೋಳು ನಮ್ಮವ್ವನೇ ಅಲ್ವಾ ಬುದ್ಧಿ” ಎಂದಳು. ಕಾಯಕದ ಫಲ ಯಾರಿಗೆ ಸಲ್ಲಬೇಕೆಂದು ನಲವತ್ತು ವರ್ಷ ಪ್ರವಚನ ಮಾಡಿದ ನಮಗೆ ಆಕೆ ಒಂದೇ ಮಾತಿನಲ್ಲಿ ಪಾಠ ಹೇಳಿದಳು.

ಇಂಥ ಲೋಪ ನಮ್ಮಲ್ಲಿ ಮಾತ್ರ ನಡೆಯುವುದೆಂದು ಭಾವಿಸಬೇಕಾಗಿಲ್ಲ. 1936ರ ಮಾರ್ಚಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡೊರೊಥಿಯಾ ಲ್ಯಾಂಗ್ ಎಂಬ ಛಾಯಾಗ್ರಾಹಕಿ ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ಒಬ್ಬ ತಾಯಿಯ ಚಿತ್ರ ತೆಗೆದರು. ‘ವಲಸೆಯ ತಾಯಿ’ ಎಂದು ಜಗತ್ತಿನಾದ್ಯಂತ ಪ್ರಸಿದ್ಧವಾದ ಚಿತ್ರ ಅದು. ಪತ್ರಿಕೆಯಲ್ಲಿ ಸುದ್ದಿ ಬಂದೊಡನೆ ಸರ್ಕಾರ ಆ ಬಿಡಾರಕ್ಕೆ ಆಹಾರ ಕಳುಹಿಸಿತು. ಅಷ್ಟರಲ್ಲಿ ಆ ತಾಯಿ ಮಕ್ಕಳೊಡನೆ ಬೇರೆಡೆಗೆ ಹೊರಟುಹೋಗಿದ್ದರು. ಲ್ಯಾಂಗ್ ಅವರ ಹೆಸರನ್ನು ಕೇಳಿರಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಆ ಹೆಸರು ಲೋಕಕ್ಕೆ ತಿಳಿದದ್ದು 1978ರಲ್ಲಿ, ಚಿತ್ರ ತೆಗೆದು 42 ವರ್ಷಗಳಾದ ಮೇಲೆ. ಅದರಿಂದ ತಮಗೆ ಒಂದು ಕಾಸೂ ದೊರೆಯಲಿಲ್ಲವೆಂದು ಅವರು ನೊಂದುಕೊಂಡಿದ್ದರು. ಒಂದೇ ಚಿತ್ರ ಹಸಿದವರಿಗೆ ಅನ್ನ ಒದಗಿಸಿತು, ಚಿತ್ರದಲ್ಲಿದ್ದವರಿಗೆ ನೋವನ್ನೂ ತಂದಿತು. ಎರಡೂ ನಿಜ.

ನಮ್ಮ ಮೈಸೂರಿನಲ್ಲಿಯೇ ಇನ್ನೊಂದು ನಿದರ್ಶನವಿದೆ. ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ, ಕೈಯಲ್ಲಿ ದೀಪ ಹಿಡಿದು ಬೆಳಕಿಗೆ ಅಂಗೈ ಅಡ್ಡವಿಟ್ಟ ಹೆಣ್ಣುಮಗಳ ವರ್ಣಚಿತ್ರವನ್ನು ನೋಡದ ಮೈಸೂರು ಯಾತ್ರಿಕರು ವಿರಳ. ಅದನ್ನು ರವಿವರ್ಮನದೆಂದೇ ಅನೇಕರು ನಂಬಿದ್ದಾರೆ. ವಾಸ್ತವವಾಗಿ ಅದು ಎಸ್. ಎಲ್. ಹಳದಣಕರ್ ಅವರ ಕೃತಿ. ದೀಪ ಹಿಡಿದು ನಿಂತವರು ಅವರ ಮಗಳು ಗೀತಾ. 2018ರಲ್ಲಿ, ನೂರು ದಾಟಿದ ವಯಸ್ಸಿನಲ್ಲಿ, ಅವರು ಕೊಲ್ಹಾಪುರದಲ್ಲಿ ನಿಧನರಾದಾಗ ಪತ್ರಿಕೆಗಳಲ್ಲಿ ಅವರ ಹೆಸರು ಬಂತು. ಹೆಸರು ತಿಳಿದ ಮೇಲೆ ನಮಗೆ ಆ ಚಿತ್ರದಲ್ಲಿ ದೀಪದ ಬೆಳಕಿನೊಡನೆ ತಂದೆಯೊಬ್ಬನ ವಾತ್ಸಲ್ಯವೂ ಕಾಣತೊಡಗಿತು. ಹೆಸರಿನಿಂದ ಕಲೆಯ ಸೊಬಗೇನೂ ಕುಗ್ಗಲಿಲ್ಲ.

ಆ ವರ್ಷದ ಕಾರ್ತಿಕ ಮಾಸದ ಒಂದು ಸೋಮವಾರ ಶಿಷ್ಯ ಅದೇ ಚಿತ್ರಗಳನ್ನು ವೈದ್ಯನಾಥಪುರದಲ್ಲಿ, ಗುಡಿಗೆ ಹೋಗುವ ದಾರಿಯಲ್ಲಿ ಪ್ರದರ್ಶಿಸಿದ. ಗಾಜಿಲ್ಲ, ಕಟ್ಟಿಲ್ಲ; ಎರಡು ಕಂಬಗಳ ನಡುವೆ ಹಗ್ಗ ಬಿಗಿದು ಬಟ್ಟೆಗೆ ಹಾಕುವ ಕ್ಲಿಪ್ಪುಗಳಿಂದ ಸಿಕ್ಕಿಸಿದ. ಪ್ರತಿ ಚಿತ್ರದ ಕೆಳಗೂ ಅದರಲ್ಲಿದ್ದವರ ಹೆಸರನ್ನು ನಾವೇ ನಮ್ಮ ಕೈಬರಹದಲ್ಲಿ ಬರೆದೆವು. ಅಭಿಪ್ರಾಯ ಪುಸ್ತಕ ಇಟ್ಟಿರಲಿಲ್ಲ. ಜನ ಬಾಯಲ್ಲಿಯೇ ಹೇಳಿದರು. ಚಿತ್ರದಲ್ಲಿದ್ದ ಎತ್ತು ತಮ್ಮದೋ ದಾಯಾದಿಯದೋ ಎಂದು ಇಬ್ಬರು ವಾದಕ್ಕೆ ನಿಂತರು. ಮಕ್ಕಳು ಮುಟ್ಟಿ ಮುಟ್ಟಿ ನೋಡಿದರು. ಹೂವಿನ ಮುದುಕಿಯ ಚಿತ್ರದ ಮುಂದೆ ಯಾರೋ ಒಂದು ಮೊಳ ಸೇವಂತಿಗೆ ಇಟ್ಟು ಹೋದರು.

ಎಲ್ಲವೂ ಸಿಹಿಯಾಗಿರಲಿಲ್ಲ. ಆಲೆಮನೆಯ ಒಲೆಯ ಮುಂದೆ ಹರಿದ ಬನಿಯನ್ನಿನಲ್ಲಿ ನಿಂತ ರೈತರೊಬ್ಬರ ಚಿತ್ರವಿತ್ತು. ಬೆಂಕಿಯ ಕೆಂಪು, ಕೊಪ್ಪರಿಗೆಯ ಆವಿ, ಬೆವರಿದ ಮುಖ: ಮೂವತ್ತರಲ್ಲಿ ಶ್ರೇಷ್ಠವಾದದ್ದು ಅದೇ ಎಂದು ಶಿಷ್ಯನ ಅಭಿಮತ. ಆ ರೈತರು ಬಂದು ನೋಡಿ, ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು: “ಮಗಳನ್ನ ನೋಡೋಕೆ ಗಂಡಿನೋರು ಬರ್ತಾವ್ರೆ. ಈ ಅವತಾರದಲ್ಲಿ ನನ್ನ ನೋಡೋದು ಬ್ಯಾಡ, ತೆಗೆದುಬಿಡಪ್ಪ.” ಶಿಷ್ಯ ನಮ್ಮ ಮುಖ ನೋಡಿದ. ದುಡಿಮೆಯಲ್ಲಿ ನಾಚಿಕೆಯೇನು ಎಂದು ಉಪದೇಶ ಮಾಡುವ ಮಾತು ನಮ್ಮ ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆವು. ಮುಖ ಅವರದು, ಮಗಳು ಅವರವಳು. ಶಿಷ್ಯ ಕ್ಲಿಪ್ಪು ಬಿಚ್ಚಿ ಚಿತ್ರವನ್ನು ಅವರ ಕೈಗೇ ಕೊಟ್ಟ. ಇಂದಿಗೂ ಅದನ್ನು ಅವನು ಬೇರೆಲ್ಲಿಯೂ ತೋರಿಸಿಲ್ಲ. ಸಂಜೆಯವರೆಗೂ ಹಗ್ಗದಲ್ಲಿ ಆ ಜಾಗ ಖಾಲಿಯಾಗಿಯೇ ಇತ್ತು.

ಇಲ್ಲಿಯೂ ಹೂವಿನ ಮುದುಕಿಯ ಹೆಸರನ್ನು ನಾವು ಬರೆದಿಲ್ಲವೆಂದು ಓದುಗರು ಆಕ್ಷೇಪಿಸಬಹುದು. ಈ ಲೇಖನಕ್ಕೆ ಮೊದಲು ಮಗಳನ್ನು ಕೇಳಿದೆವು. “ಊರೋರಿಗೆ ಗೊತ್ತಲ್ಲ ಬುದ್ಧಿ, ಸಾಕು” ಎಂದಳು. ಕೇಳುವುದನ್ನು ಕಲಿತ ಮೇಲೆ ಉತ್ತರವನ್ನು ಪಾಲಿಸುವುದನ್ನೂ ಕಲಿಯಬೇಕಷ್ಟೆ.

ಈಗ ಪ್ರತಿ ಮನೆಯಲ್ಲಿಯೂ ಕ್ಯಾಮೆರಾ ಇದೆ. ಆದುದರಿಂದ ಗೃಹಿಣಿಯರಿಗೂ ಯುವಕರಿಗೂ ನಮ್ಮ ಕೋರಿಕೆ ಇಷ್ಟು. ಯಾರದೇ ಪಟವನ್ನು ಹತ್ತು ಜನರಿಗೆ ತೋರಿಸುವ ಮೊದಲು ಅದರಲ್ಲಿರುವವರಿಗೆ ತೋರಿಸಿರಿ, ಅವರಿಗೊಂದು ಪ್ರತಿ ಕೊಡಿರಿ, ಬೇಡವೆಂದರೆ ಬಿಟ್ಟುಬಿಡಿರಿ. ಮನೆಯ ಹಳೆಯ ಪಟಗಳನ್ನು ಒಂದು ದಿನ ಕೆಳಗಿಳಿಸಿ ಹಿರಿಯರ ಮುಂದಿಟ್ಟು, ಯಾರು, ಯಾವ ಊರು, ಯಾವ ಸಂದರ್ಭ ಎಂದು ಕೇಳಿ ಬರೆದಿಡಿರಿ. ಪಟದ ಹಿಂಬದಿಯಲ್ಲಿ ಮೃದುವಾದ ಸೀಸದ ಕಡ್ಡಿಯಿಂದ, ಒತ್ತದೆ ಬರೆಯಬೇಕು. ಶಾಯಿ ಕಾಲಕ್ರಮದಲ್ಲಿ ಮುಂಬದಿಗೆ ಇಳಿಯಬಹುದು. ಬಿಸಿಲು ಬೀಳುವ ಗೋಡೆಗೂ ತೇವದ ಗೋಡೆಗೂ ತೂಗುಹಾಕಬೇಡಿರಿ. ಇದನ್ನು ಮುಂದಿನ ಹಬ್ಬಕ್ಕೆಂದು ಮುಂದೂಡುವುದು ಬೇಡ. ಹೆಸರು ಹೇಳಬಲ್ಲವರು ಮನೆಯಲ್ಲಿ ಇರುವಾಗಲೇ ಕೇಳಬೇಕು.

ಆ ಹೂವಿನ ಮುದುಕಿಗೆ ಒಂದು ಸಲ, ಒಂದೇ ಒಂದು ಸಲ, ಅವಳ ಚಿತ್ರವನ್ನು ತೋರಿಸಿದ್ದರೆ ಏನೆನ್ನುತ್ತಿದ್ದಳೋ! ಬಹುಶಃ ಬಯ್ಯುತ್ತಿದ್ದಳು. ಆ ಬೈಗುಳವನ್ನು ಕೇಳುವ ಭಾಗ್ಯವನ್ನು ನಾವು ಕಳೆದುಕೊಂಡೆವು.