ಗಾಜಿನ ಬ್ಯಾಟರಿ: ಒಂದೇ ಅಂಕಿ ಸಾಲದು

2022ರ ಮಾರ್ಚ್‌ನಲ್ಲಿ ನಮ್ಮ ಪುಣೆಯಲ್ಲಿ ರಸ್ತೆ ಬದಿ ನಿಂತಿದ್ದ ಇ-ಸ್ಕೂಟರೊಂದು ಹೊತ್ತಿ ಉರಿಯಿತಲ್ಲ, ಆಗಿನಿಂದ ನಮ್ಮ ಕನ್ನಡ ಬಳಗದ ಹರಟೆಯಲ್ಲಿ "ಘನ ಬ್ಯಾಟರಿ ಬರ್ಲಿ, ಆಮೇಲೆ ಗಾಡಿ ತಗೊಂಡ್ರಾಯ್ತು" ಅನ್ನೋ ಮಾತು ಮಾಮೂಲಾಗಿದೆ. ಆಸೆಯೇನೋ ಸರಿಯೇ. ಈಗಿನ ಲಿಥಿಯಂ ಬ್ಯಾಟರಿಯೊಳಗಿನ ದ್ರವ ಬೆಂಕಿ ಹಿಡಿಯುವಂಥದ್ದು. ಅದರ ಜಾಗಕ್ಕೆ ಗಾಜಿನಂಥ ಘನ ಬಂದರೆ ಒಳ್ಳೆಯದು. ಆದರೆ "ಅಯಾನುಗಳು ಇಷ್ಟು ವೇಗವಾಗಿ ಓಡುತ್ತವೆ" ಎಂದು ಪೇಪರಿನಲ್ಲಿ ಬರುವ ಒಂದೇ ಅಂಕಿ ನೋಡಿ ಕುಣಿಯಬಾರದು ಅನ್ನೋದು ನನ್ನ ವಾದ.

ಗಾಜಿನಲ್ಲಿ ವಿದ್ಯುತ್ತೇ ಅಂತ ಹುಬ್ಬೇರಿಸಬೇಡಿ. ಹರಳಿನಲ್ಲಿ ಪರಮಾಣುಗಳು ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳಂತೆ ಸಾಲಾಗಿರುತ್ತವೆ. ಗಾಜಿನಲ್ಲಿ ಸಂತೆಯ ಜನರಂತೆ ಅಡ್ಡಾದಿಡ್ಡಿ. ಆ ಸಂದುಗಳಲ್ಲೇ ಸಣ್ಣ ಅಯಾನುಗಳು ನುಸುಳುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಜೆ. ರಾವ್ ಅವರು 1980ರ ದಶಕದಲ್ಲೇ ಬೆಳ್ಳಿ ಅಯಾನು ಓಡುವ ಗಾಜುಗಳನ್ನು ಅಧ್ಯಯನ ಮಾಡಿದ್ದರು. ಈಗ ಹೆಚ್ಚು ಮಾತು ಲಿಥಿಯಂ, ರಂಜಕ, ಗಂಧಕ ಸೇರಿದ ಗಾಜಿನದು. ಇವುಗಳ ಸಲ್ಫೈಡ್ ಪುಡಿಗಳನ್ನು ಗಟ್ಟಿ ಗುಂಡುಗಳ ಜೊತೆ ಡಬ್ಬಿಯಲ್ಲಿ ಹಾಕಿ ಗಂಟೆಗಟ್ಟಲೆ ತಿರುಗಿಸಿ ಅರೆದರೆ ಕರಗಿಸದೆಯೇ ಗಾಜು ಸಿದ್ಧ! ಕೆಲಸವೆಲ್ಲ ಆರ್ಗಾನ್ ತುಂಬಿದ ಪೆಟ್ಟಿಗೆಯೊಳಗೆ. ತೇವದ ಗಾಳಿ ತಾಗಿದರೆ ಕೊಳೆತ ಮೊಟ್ಟೆ ವಾಸನೆಯ ವಿಷಾನಿಲ.

ಇನ್ನು ಪರೀಕ್ಷೆ. ಪುಡಿಯನ್ನು ಬಿಲ್ಲೆಯಾಗಿ ಒತ್ತಿ, ಎರಡೂ ಬದಿಗೆ ಲೋಹ ಇಟ್ಟು, ಬೇರೆ ಬೇರೆ ಆವರ್ತನದ ಎಸಿ ಕೊಟ್ಟು ರೋಧ ಅಳೆಯುತ್ತಾರೆ. ಎಷ್ಟು ಒತ್ತಿದರು, ಎಷ್ಟು ಬಿಸಿಯಿತ್ತು, ಲೋಹ ಸರಿಯಾಗಿ ತಾಗಿತ್ತೇ, ಎಲ್ಲವೂ ಅಂಕಿಯನ್ನು ಬದಲಿಸುತ್ತವೆ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇದೇ ರಂಜಕ-ಗಂಧಕ ಕುಲದ ಘನಗಳ ಒಂದೇ ಮಾದರಿಗಳನ್ನು ಎಂಟು ತಂಡಗಳು ಅಳೆದವು. ಅತಿ ಚುರುಕಿನ ಮಾದರಿಗೆ ಒಂದು ಕಡೆ ಸೆಂ.ಮೀ.ಗೆ 1.3 ಮಿಲಿಸೀಮೆನ್ಸ್ ಬಂದರೆ ಇನ್ನೊಂದು ಕಡೆ 5.8! ಪುಡಿ ಅದೇ, ಅಳೆದ ಕೈ ಬೇರೆ.

ಅಂಕಿ ಚೆನ್ನಾಗಿದ್ದರೂ ಕತೆ ಮುಗಿಯಲಿಲ್ಲ. ಅಯಾನು ಮಾತ್ರ ಓಡಬೇಕು, ಎಲೆಕ್ಟ್ರಾನು ಸೋರಬಾರದು. ಚಾರ್ಜ್ ಮಾಡುವಾಗ ಲಿಥಿಯಂ ಸೂಜಿಯಂತೆ ಬೆಳೆದು, ಬಿಲ್ಲೆಯ ಬಿರುಕಲ್ಲಿ ತೂರಿ ಶಾರ್ಟ್ ಆಗಬಾರದು.

ಸೀರೆ ಕೊಳ್ಳುವಾಗ "ಬಣ್ಣ ಹೋಗುತ್ತಾ?" ಅಂತ ನಾಲ್ಕು ಸಲ ಕೇಳುವ ಜನ ನಾವು. ಜೀವಕ್ಕೆ ಸಂಬಂಧಪಟ್ಟ ಬ್ಯಾಟರಿ ವಿಷಯದಲ್ಲೂ ಕೇಳೋಣ: ಎಷ್ಟು ಉಷ್ಣತೆಯಲ್ಲಿ? ಎಷ್ಟು ಒತ್ತಡದಲ್ಲಿ? ಎಷ್ಟು ಸಲ ಚಾರ್ಜ್ ಮಾಡಿ ನೋಡಿದರು? ಬೇರೆ ಲ್ಯಾಬಿನಲ್ಲೂ ಅದೇ ಅಂಕಿ ಬಂತೇ? ಉತ್ತರ ಇಲ್ಲದ ಸುದ್ದಿ ಜಾಹೀರಾತಷ್ಟೇ.

ನೀವೇನಂತೀರಿ?